ಅಡುಗೆಮನೆ ಮಷಿನ್ ಕೆಟ್ರೆ ಏನ್ ಮಾಡ್ಬೇಕು, ಹೊಸದು ಯಾವಾಗ ತಗೋಬೇಕು, ಯಾವ ಗ್ಯಾಜೆಟ್‌ಗೆ ದುಡ್ಡು ಸುರೀಬಾರ್ದು: ಸಮಗ್ರ ಮಾರ್ಗದರ್ಶಿ

ಅಡುಗೆಮನೇಲಿರೋ ಯಾವ ಕರೆಂಟ್ ಮಷಿನ್ನೇ ತಗೊಳ್ಳಿ, ಒಳಗೆ ನಿಜವಾಗ್ಲೂ ಕೆಲ್ಸ ಮಾಡೋದು ಒಂದೋ ಎರಡೋ ಐಟಂ ಅಷ್ಟೇ. ತಿರುಗೋಕೆ ಮೋಟರ್, ಕಾಯಿಸೋಕೆ ಕಾಯಿಲ್, ಫ್ರಿಜ್ಜಲ್ಲಿ ಕಂಪ್ರೆಸರ್, ಮೈಕ್ರೋವೇವಲ್ಲಿ ಬಿಸಿ ಮಾಡೋ ಅಲೆ ಹುಟ್ಸೋ ಮ್ಯಾಗ್ನೆಟ್ರಾನ್, ಇಂಡಕ್ಷನ್ ಸ್ಟವ್ ಆದ್ರೆ ತಾಮ್ರದ ಸುರುಳಿ. ಉಳಿದಿದ್ದು ಡಬ್ಬ, ಬಟನ್ನು, ಬಣ್ಣ, ಹೆಸರು. ಇದೊಂದು ತಲೇಲಿ ಕೂತ್ರೆ ಸಾಕು, ಕೆಟ್ಟೋಗಿರೋದನ್ನ ಎಸೀಬೇಕಾ ಬೇಡ್ವಾ ಅಂತಾನೂ ಗೊತ್ತಾಗತ್ತೆ, ಅಂಗಡಿಯವ್ರು ಹೇಳ್ತಿರೋ ರೇಟು ಯಾತಕ್ಕೆ ಅಂತಾನೂ ಗೊತ್ತಾಗತ್ತೆ. ಈ ಬರಹ ಪೂರ್ತಿ ಇದೇ ಲೆಕ್ಕದಲ್ಲಿ ಹೋಗತ್ತೆ, ಸ್ವಲ್ಪ ಉದ್ದ ಇದೆ, ಓದೋಕೆ ಟೈಮ್ ಇಟ್ಕೊಳ್ಳಿ.

ಹೆಜ್ಜೆ 1: ಕೆಟ್ಟ ದಿನಾನೇ ಹೊಸದು ಆರ್ಡರ್ ಮಾಡ್ಬೇಡಿ

ಮಷಿನ್ ನಿಂತ ದಿನ ಮನೇಲಿ ಎಲ್ರಿಗೂ ಕಿರಿಕಿರಿ ಇರತ್ತೆ, ಆ ಕಿರಿಕಿರೀಲಿ ಮೊದಲು ಕಣ್ಣಿಗೆ ಬಿದ್ದಿದ್ದನ್ನ, ಅದೂ ಬೇಗ ಡೆಲಿವರಿ ಕೊಡ್ತೀವಿ ಅಂದಿದ್ದನ್ನ, ತಗೊಂಡ್ಬಿಡ್ತೀವಿ. ಫ್ರಿಜ್ ಒಂದನ್ನ ಬಿಟ್ರೆ ಬೇರೆ ಯಾವ ಮಷಿನ್ನೂ ಎರಡು ಮೂರು ದಿನ ಇಲ್ದೇ ಇದ್ರೆ ಅಡುಗೆ ನಿಲ್ಲಲ್ಲ. ಆ ಟೈಮಲ್ಲಿ ಏನು ಕೆಟ್ಟಿದೆ ಅಂತ ನೋಡಿ.

ಆದ್ರೆ ಒಂದು ವಿಷ್ಯ ಮೊದ್ಲೇ ಹೇಳ್ತೀನಿ. ಮುಟ್ಟಿದ್ರೆ ಜುಂ ಅನ್ನೋದು, ಪ್ಲಗ್ ಕರಗಿರೋದು, ವೈರ್ ಮೇಲಿನ ಕವಚ ಬಿರುಕು ಬಿಟ್ಟಿರೋದು, ಸುಟ್ಟ ವಾಸ್ನೆ, ಇವುಗಳಲ್ಲಿ ಯಾವ್ದಾದ್ರೂ ಕಂಡ್ರೆ ತಕ್ಷಣ ಪ್ಲಗ್ ಕಿತ್ತು ಪಕ್ಕಕ್ಕಿಡಿ. "ಇನ್ನೊಂದೆರಡು ದಿನ ಓಡ್ಲಿ" ಅನ್ನೋ ಮಾತು ಇಲ್ಲಿ ಬೇಡ್ವೇ ಬೇಡ.

ಹೆಜ್ಜೆ 2: ಸತ್ತಿರೋದು ಮಷಿನ್ನಾ, ಅದ್ರ ಒಂದು ಪಾರ್ಟಾ?

ಮೊದಲು ಅದೇ ಸಾಕೆಟ್‌ಗೆ ಬೇರೆ ಏನಾದ್ರೂ ಹಾಕಿ ನೋಡಿ. ನಗಬೇಡಿ, ಸಾಕೆಟ್ ಲೂಸ್ ಆಗಿರೋದನ್ನ ನೋಡ್ದೇನೇ ಮಷಿನ್ ಹೊತ್ಕೊಂಡು ರಿಪೇರಿಗೆ ಹೋಗೋರು ಬೇಕಾದಷ್ಟು ಜನ. ಆಮೇಲೆ ವೈರು. ವೈರ್ ಒಳಗೆ ತಾಮ್ರದ ಎಳೆಗಳು ಕಟ್ ಆಗೋದು ಸಾಮಾನ್ಯವಾಗಿ ಎರಡೇ ಕಡೆ, ಒಂದು ಪ್ಲಗ್ ಬುಡದಲ್ಲಿ, ಇನ್ನೊಂದು ಮಷಿನ್ ಒಳಗೆ ಹೋಗೋ ಜಾಗದಲ್ಲಿ, ಯಾಕಂದ್ರೆ ದಿನಾ ಮಡಚೋದು ಅಲ್ಲೇ. ಪ್ಲಗ್ ಕಿತ್ತಿಟ್ಟು ಮಲ್ಟಿಮೀಟರಲ್ಲಿ ಕಂಟಿನ್ಯುಟಿ, ಅಂದ್ರೆ ವೈರ್ ಒಳಗೆ ಎಲ್ಲಾದ್ರೂ ತುಂಡಾಗಿದ್ಯಾ ಅಂತ, ನೋಡ್ಬೋದು, ಬೀಪ್ ಬರ್ಲಿಲ್ಲ ಅಂದ್ರೆ ವೈರ್ ಬದಲಾಯಿಸಿದ್ರೆ ಮುಗೀತು.

ಮಿಕ್ಸಿ ಅಥವಾ ಬ್ಲೆಂಡರ್ ದಿಢೀರ್ ಅಂತ ನಿಂತ್ರೆ ತಳ ತಿರುಗಿಸಿ ನೋಡಿ, ಎಷ್ಟೋ ಮಾಡೆಲಲ್ಲಿ ಒಂದು ಚಿಕ್ಕ ಓವರ್‌ಲೋಡ್ ಬಟನ್ ಇರತ್ತೆ. ಲೋಡ್ ಜಾಸ್ತಿ ಆದ್ರೆ ಅದೇ ಹೊರಗೆ ಬಂದು ಕರೆಂಟ್ ಕಟ್ ಮಾಡತ್ತೆ, ಮೋಟರ್ ತಣ್ಣಗಾದ್ಮೇಲೆ ಒತ್ತಿದ್ರೆ ಮತ್ತೆ ಶುರು. ಮೋಟರ್ ತಿರುಗ್ತಿದೆ ಆದ್ರೆ ಬ್ಲೇಡ್ ತಿರುಗ್ತಿಲ್ಲ ಅಂದ್ರೆ ಕಪ್ಲರ್ ಸವೆದಿದೆ ಅಂತ ಅರ್ಥ. ಇದು ಜಾರ್ ಕೆಳಗೆ, ಮೋಟರ್ ಮೇಲೆ ಕೂರೋ ಹಲ್ಲಿನ ತುಂಡು, ರಬ್ಬರೋ ಪ್ಲಾಸ್ಟಿಕ್ಕೋ. ಬ್ಲೇಡ್ ಸಿಕ್ಕಾಕೊಂಡ್ರೆ ಪೆಟ್ಟು ಮೋಟರ್‌ಗೆ ಹೋಗೋ ಬದ್ಲು ಈ ತುಂಡು ಮುರಿಯತ್ತೆ, ಅಂದ್ರೆ ಅದು ಮುರಿದಿದ್ರೆ ತನ್ನ ಕೆಲ್ಸಾನೇ ಮಾಡಿದೆ. ಹಾಕೋಕೂ ಸುಲಭ, ಥ್ರೆಡ್ ಮಾತ್ರ ಎಷ್ಟೋ ಮಾಡೆಲಲ್ಲಿ ಉಲ್ಟಾ ಇರತ್ತೆ, ಒಂದು ಕಡೆ ಬರ್ಲಿಲ್ಲ ಅಂತ ಹಠ ಮಾಡಿ ತಿರುಗಿಸ್ಬೇಡಿ.

ಮೋಟರ್ ಒಳಗೆ ಕಿಡಿ ಜಾಸ್ತಿ ಕಾಣ್ತಿದೆ, ಒಂದ್ಸಲ ಓಡತ್ತೆ ಇನ್ನೊಂದ್ಸಲ ಓಡಲ್ಲ, ಹಿಂಗಿದ್ರೆ ಕಾರ್ಬನ್ ಬ್ರಷ್ ನೋಡ್ಸಿ. ಸ್ಪ್ರಿಂಗ್ ಹಿಂದಿಂದ ಒತ್ತಿ ಹಿಡಿದಿರೋ ಎರಡು ಪುಟ್ಟ ಕಾರ್ಬನ್ ತುಂಡು ಅದು, ತಿರುಗೋ ತಾಮ್ರದ ಪಟ್ಟಿಗಳ ಮೇಲೆ ಉಜ್ಜಿ ಉಜ್ಜಿ ಸವೆಯತ್ತೆ. ಬದಲಾಯಿಸೋವಾಗ ಎರಡನ್ನೂ ಒಟ್ಟಿಗೆ, ಅದೇ ಸೈಜಿಂದು ಹಾಕ್ಸಿ. ವೈಂಡಿಂಗೇ, ಅಂದ್ರೆ ಮೋಟರ್ ಒಳಗೆ ಸುತ್ತಿರೋ ತಂತಿನೇ, ಸುಟ್ಟು ಕಪ್ಪಾಗಿದ್ರೆ ಮಾತ್ರ ಹೊಸ ಮಷಿನ್ ಬಗ್ಗೆ ಯೋಚ್ನೆ ಮಾಡಿ.

ಕೆಟಲ್, ರೈಸ್ ಕುಕ್ಕರ್, ಕಾಫಿ ಮೇಕರ್ ಥರದ ಕಾಯಿಸೋ ಮಷಿನ್ ಪೂರ್ತಿ ಸತ್ತೋಗಿ ಲೈಟೂ ಬರ್ತಿಲ್ಲ ಅಂದ್ರೆ, ವೈರ್ ಸರಿ ಇದ್ರೆ, ಮೊದಲ ಅನುಮಾನ ಥರ್ಮಲ್ ಫ್ಯೂಸ್ ಮೇಲೆ. ಎಷ್ಟು ಡಿಗ್ರಿಗೆ ಕಟ್ ಆಗ್ಬೇಕು ಅಂತ ಅದ್ರ ಮೈ ಮೇಲೇ ಅಚ್ಚಾಗಿರತ್ತೆ, ಆ ಬಿಸಿ ಮೀರಿದ್ರೆ ಒಂದೇ ಸಲಕ್ಕೆ ಕಟ್, ಮತ್ತೆ ಜೋಡಿಸೋಕೆ ಬರಲ್ಲ. ಇಷ್ಟು ಚಿಕ್ಕ ಪಾರ್ಟ್ ಹೋಗಿದ್ದಕ್ಕೆ ಎಷ್ಟು ಒಳ್ಳೊಳ್ಳೆ ಮಷಿನ್‌ಗಳು ಕಸಕ್ಕೆ ಹೋಗ್ತಿವೆ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ರಿಪೇರಿ ಮಾಡ್ಸೋವಾಗ ಮೂರು ಮಾತು ಕೇಳಿ. ಹೊಸ ಫ್ಯೂಸು ಅದೇ ಡಿಗ್ರಿದು, ಅದೇ ಆಂಪಿಯರ್‌ದು ಇರ್ಬೇಕು. ಬೆಸುಗೆ ಹಾಕೋ ಬದ್ಲು ಕ್ರಿಂಪ್ ಮಾಡಿ, ಅಂದ್ರೆ ಲೋಹದ ತುಂಡಲ್ಲಿ ಒತ್ತಿ ಬಿಗಿದು ಕೂರಿಸ್ಬೇಕು, ಬೆಸುಗೆ ಬಿಸಿಗೇ ಹೊಸ ಫ್ಯೂಸ್ ಹೋಗ್ಬಿಡ್ಬೋದು. ಮತ್ತೆ ಅದು ಯಾಕೆ ಹೋಯ್ತು ಅಂತ ನೋಡ್ಬೇಕು, ನೀರಿಲ್ದೇ ಆನ್ ಆಗಿತ್ತಾ, ಬಿಸಿ ಮಿತೀಲಿಡೋ ಥರ್ಮೋಸ್ಟಾಟ್ ಅಂಟ್ಕೊಂಡಿದ್ಯಾ. ಫ್ಯೂಸ್ ಜಾಗಕ್ಕೆ ಬರೀ ವೈರ್ ಸೇರಿಸಿ "ಓಡತ್ತೆ ಬಿಡಿ ಸಾರ್" ಅನ್ನೋರ ಹತ್ರದಿಂದ ಮಷಿನ್ ವಾಪಸ್ ತಗೊಂಡು ಬನ್ನಿ, ಮನೆಗೆ ಬೆಂಕಿ ಬೀಳದೇ ಇರ್ಲಿ ಅಂತಾನೇ ಆ ಫ್ಯೂಸ್ ಇರೋದು.

ಕೆಟಲ್ ಬರೀ ನಿಧಾನ ಆಗಿದೆ, ಸದ್ದು ಜಾಸ್ತಿ ಮಾಡ್ತಿದೆ ಅಂದ್ರೆ ತಳದಲ್ಲಿ ಬಿಳಿ ಸುಣ್ಣದ ಪದರ ಕಟ್ಟಿರತ್ತೆ. ನೀರಿಗೆ ಸ್ವಲ್ಪ ಸಿಟ್ರಿಕ್ ಆಸಿಡ್ ಅಥವಾ ವಿನಿಗರ್ ಹಾಕಿ ಕಾಯಿಸಿ ಬಿಟ್ಟು, ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ.

ಫ್ರಿಜ್ ಬಗ್ಗೆ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಜಾಸ್ತಿ ದುಡ್ಡು ಹೋಗೋದೇ ಅಲ್ಲಿ. ತಣ್ಣಗೆ ಆಗ್ತಿಲ್ಲ ಅಂದ್ರೆ ಮೊದಲು ಒಂದು ಥರ್ಮಾಮೀಟರ್ ಒಳಗಿಡಿ, ಕೆಳಗಿನ ಭಾಗ ಸುಮಾರು 4 ಡಿಗ್ರಿ ಸೆಲ್ಸಿಯಸ್, ಫ್ರೀಜರ್ ಮೈನಸ್ 18 ಇರ್ಬೇಕು. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಮಧ್ಯೆ ಒಂದು ಕಾಗದ ಇಟ್ಟು ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ಅಲ್ಲಿ ಗಾಳಿ ನುಗ್ತಿದೆ, ಗ್ಯಾಸ್ಕೆಟ್ ಒರೆಸಿ ನೋಡಿ, ಆಗ್ಲಿಲ್ಲ ಅಂದ್ರೆ ಬರೀ ಗ್ಯಾಸ್ಕೆಟ್ ಬದಲಾಯಿಸಿ. ಹಿಂದೆಯೋ ಕೆಳಗೋ ಇರೋ ಕಪ್ಪು ಜಾಲರಿ ಕಾಯಿಲ್ ಮೇಲೆ ಧೂಳು ಕಟ್ಟಿದ್ರೆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಪ್ಲಗ್ ಕಿತ್ತು ಬ್ರಷ್ಷಲ್ಲಿ ಕ್ಲೀನ್ ಮಾಡಿ. ತರಕಾರಿ ಟ್ರೇ ಹತ್ರ ನೀರು ನಿಲ್ತಿದ್ರೆ ಹಿಂದಿನ ಗೋಡೇಲಿರೋ ತೂತು ಕಟ್ಟಿರತ್ತೆ, ಅಷ್ಟೇ.

ಫ್ರಾಸ್ಟ್ ಫ್ರೀ ಫ್ರಿಜ್ಜಲ್ಲಿ ಫ್ರೀಜರ್ ಚೆನ್ನಾಗಿದೆ ಆದ್ರೆ ಕೆಳಗೆ ಬೆಚ್ಚಗಿದೆ ಅನ್ನೋ ಕಂಪ್ಲೇಂಟ್ ತುಂಬಾ ಕಾಮನ್. ಫ್ರೀಜರ್ ಹಿಂದಿನ ಪ್ಯಾನೆಲ್ ಒಳಗೆ ಐಸ್ ಗಟ್ಟಿಯಾಗಿ ಗಾಳಿ ದಾರಿ ಮುಚ್ಚೋಗಿರತ್ತೆ. ಪ್ಲಗ್ ಕಿತ್ತು, ಎಲ್ಲಾ ತೆಗೆದು, ಬಾಗಿಲು ತೆಗೆದಿಟ್ಟು ಒಂದು ದಿನ ಬಿಡಿ. ಆಮೇಲೆ ಆನ್ ಮಾಡಿದ್ರೆ ಸ್ವಲ್ಪ ದಿನ ಸರಿ ಇದ್ದು ಮತ್ತೆ ಅದೇ ಕಥೆ ಆದ್ರೆ ಆ ಐಸ್ ಕರಗಿಸೋ ಡಿಫ್ರಾಸ್ಟ್ ಹೀಟರ್ರೋ ಅದ್ರ ಸೆನ್ಸರ್ರೋ ಹೋಗಿದೆ, ಕಂಪ್ರೆಸರ್‌ಗೆ ಏನೂ ಆಗಿಲ್ಲ. ಆಗಾಗ ಟಕ್ ಅಂತ ಸದ್ದು ಬಂದು ಕಂಪ್ರೆಸರ್ ಸ್ಟಾರ್ಟ್ ಆಗದೇ ಇದ್ರೆ ಮೊದಲು ಸ್ಟಾರ್ಟ್ ರಿಲೇ, ಅಂದ್ರೆ ಕಂಪ್ರೆಸರ್ ಶುರು ಮಾಡ್ಸೋ ಚಿಕ್ಕ ಪಾರ್ಟ್, ಚೆಕ್ ಮಾಡ್ಸಿ, ಕಂಪ್ರೆಸರ್ ಹೋಯ್ತು ಅಂತ ಬಾಯ್ಮಾತಲ್ಲಿ ಹೇಳಿದ್ರೆ ಒಪ್ಕೋಬೇಡಿ. ಕಂಪ್ರೆಸರ್ ಬಿಡದೇ ಓಡ್ತಿದೆ ಆದ್ರೂ ತಂಪಿಲ್ಲ ಅಂದ್ರೆ ಗ್ಯಾಸ್ ಲೀಕ್ ಇರ್ಬೋದು. ಲೀಕ್ ಎಲ್ಲಿ ಅಂತ ಹುಡುಕ್ದೇ ಬರೀ ಗ್ಯಾಸ್ ಚಾರ್ಜ್ ಮಾಡೋದು ದಂಡ, ಮತ್ತೆ ಹೋಗತ್ತೆ. ಈಗಿನ ತುಂಬಾ ಫ್ರಿಜ್‌ಗಳಲ್ಲಿ ಇರೋದು ಆರ್600ಎ, ಅಂದ್ರೆ ಐಸೋಬ್ಯೂಟೇನ್, ಅದು ಹೊತ್ಕೊಳ್ಳೋ ಗ್ಯಾಸ್, ಹಾಗಾಗಿ ಗೊತ್ತಿರೋರ ಕೈಲೇ ಮಾಡ್ಸಿ.

ಹೆಜ್ಜೆ 3: ಯಾವ್ದನ್ನ ನೀವೇ ಬಿಚ್ಚಲೇಬಾರ್ದು

ಮೈಕ್ರೋವೇವ್. ಪ್ಲಗ್ ಕಿತ್ತಿದ್ರೂ ಒಳಗಿನ ಕೆಪಾಸಿಟರಲ್ಲಿ ಎರಡು ಸಾವಿರ ವೋಲ್ಟ್‌ಗೂ ಮೇಲೆ ಚಾರ್ಜ್ ಉಳಿದಿರ್ಬೋದು, ಜೀವ ಹೋಗತ್ತೆ. ವಿಡಿಯೋ ನೋಡ್ಕೊಂಡು ಮಾಡೋ ಕೆಲ್ಸ ಅಲ್ವೇ ಅಲ್ಲ. ಹೊರಗಿಂದಾನೇ ಮಾಡ್ಬೋದಾದ್ದು ಎರಡಿದೆ. ಅಡುಗೆ ಇಡೋ ಜಾಗದ ಪಕ್ಕದ ಗೋಡೇಲಿ ರಟ್ಟಿನ ಥರ ಕಾಣೋ ಒಂದು ಮೈಕಾ ಶೀಟ್ ಇರತ್ತೆ, ಅದ್ರ ಮೇಲೆ ಜಿಡ್ಡು ಕೂತು ಕರಕಲಾಗಿ ಕಿಡಿ ಹಾರತ್ತೆ, ಜನ ಹೆದರಿ ಮಷಿನ್ನೇ ಎಸೀತಾರೆ. ಆ ಶೀಟ್ ಬೇರೆ ಸಿಗತ್ತೆ, ಅಳತೆಗೆ ಕತ್ತರಿಸಿ ಹಾಕಿದ್ರಾಯ್ತು, ಕವಚ ಬಿಚ್ಚೋದೇ ಬೇಡ, ಪ್ಲಗ್ ಮಾತ್ರ ಕಿತ್ತಿರಿ. ಇನ್ನೊಂದು, ತಟ್ಟೆ ತಿರುಗ್ತಿಲ್ಲ ಅಂದ್ರೆ ಕೆಳಗಿನ ರೋಲರ್ರೋ ಪ್ಲಾಸ್ಟಿಕ್ ತುಂಡೋ ಸವೆದಿರತ್ತೆ. ಲೈಟು, ಫ್ಯಾನು, ತಟ್ಟೆ ಎಲ್ಲಾ ಸರಿ ಇದ್ದು ಬಿಸಿ ಮಾತ್ರ ಆಗ್ತಿಲ್ಲ ಅಂದ್ರೆ ಅದು ಟೆಕ್ನಿಷಿಯನ್ ಕೆಲ್ಸ. ಬಾಗಿಲು ಸರಿಯಾಗಿ ಮುಚ್ತಿಲ್ಲ, ಸೊಟ್ಟ ಆಗಿದೆ ಅಂದ್ರೆ ಬಳಸೋದು ನಿಲ್ಸಿ.

ಪ್ರೆಷರ್ ಕುಕ್ಕರ್‌ಗೆ ಕರೆಂಟ್ ಇಲ್ಲದಿದ್ರೂ ಇಲ್ಲೇ ಹೇಳ್ಬಿಡ್ತೀನಿ. ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಕಾಲಕಾಲಕ್ಕೆ ಬದಲಾಯಿಸೋ ಪಾರ್ಟ್‌ಗಳು, ಅದಕ್ಕೆ ಕುಕ್ಕರ್ ಎಸೀಬೇಡಿ. ತಳ ಉಬ್ಬಿದ್ರೆ, ಮುಚ್ಚಳದ ಅಂಚು ಬಗ್ಗಿದ್ರೆ ಮಾತ್ರ ಇಟ್ಕೋಬೇಡಿ.

ಹೆಜ್ಜೆ 4: ರಿಪೇರಿನಾ ಹೊಸದಾ, ಲೆಕ್ಕ ಹಾಕಿ

ಜನ ಸಾಮಾನ್ಯವಾಗಿ ಹೇಳೋ ಲೆಕ್ಕ ಒಂದಿದೆ, ರಿಪೇರಿ ಖರ್ಚು ಹೊಸದರ ಅರ್ಧ ದಾಟಿದ್ರೆ, ಮಷಿನ್ ತನ್ನ ಆಯಸ್ಸಿನ ಅರ್ಧ ದಾಟಿದ್ರೆ, ಎರಡೂ ಒಟ್ಟಿಗೆ ಇದ್ರೆ ಬಿಟ್ಬಿಡಿ ಅಂತ. ಶುರು ಮಾಡೋಕೆ ಪರ್ವಾಗಿಲ್ಲ. ನಾನು ಇನ್ನೊಂದು ಸೇರಿಸ್ತೀನಿ, ಕೆಟ್ಟಿರೋದು ಸವೆಯೋ ಪಾರ್ಟಾ ಮುಖ್ಯ ಪಾರ್ಟಾ ಅಂತ. ಬ್ರಷ್, ಕಪ್ಲರ್, ಗ್ಯಾಸ್ಕೆಟ್, ಫ್ಯೂಸ್ ಹೋಗಿದ್ರೆ ಮಷಿನ್ ಎಷ್ಟೇ ಹಳೇದಾಗಿರ್ಲಿ ರಿಪೇರಿ ಮಾಡ್ಸಿ. ಕಂಪ್ರೆಸರ್, ಮ್ಯಾಗ್ನೆಟ್ರಾನ್, ಮೋಟರ್ ವೈಂಡಿಂಗ್ ಹೋಗಿದ್ರೆ ವಾರಂಟಿ ಇಲ್ದೇ ಇದ್ರೆ ಹೊಸದೇ ವಾಸಿ ಆಗ್ಬೋದು.

"ಹಳೇದು ಕರೆಂಟ್ ತಿನ್ನತ್ತೆ, ಹೊಸದು ತಗೊಂಡ್ರೆ ಬಿಲ್ಲಲ್ಲೇ ದುಡ್ಡು ವಾಪಸ್ ಬರತ್ತೆ" ಅಂತ ಹೇಳ್ತಾರಲ್ಲ, ಅದನ್ನ ಕೂತು ಲೆಕ್ಕ ಹಾಕೋಣ. 500 ವ್ಯಾಟ್ ಮಿಕ್ಸಿ ದಿನಕ್ಕೆ 10 ನಿಮಿಷ ಓಡಿದ್ರೆ ವರ್ಷಕ್ಕೆ ಸುಮಾರು 30 ಯೂನಿಟ್. ಹೊಸದು ಅದ್ರಲ್ಲಿ ಐದನೇ ಒಂದು ಭಾಗ ಉಳಿಸಿದ್ರೂ ವರ್ಷಕ್ಕೆ 6 ಯೂನಿಟ್, ಅದಕ್ಕೋಸ್ಕರ ಮಿಕ್ಸಿ ಬದಲಾಯಿಸೋದು ಅರ್ಥ ಇಲ್ಲದ ಕೆಲ್ಸ. ಕೆಟಲ್ ಇನ್ನೂ ಸ್ಪಷ್ಟ. ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ 100 ಡಿಗ್ರಿಗೆ ತರೋಕೆ ಸುಮಾರು 0.09 ಯೂನಿಟ್ ಬೇಕೇ ಬೇಕು, ಅದು ನೀರಿನ ಗುಣ, ಯಾವ ಕಂಪನಿ ಹೆಸರು ಹಾಕಿದ್ರೂ ಕಮ್ಮಿ ಆಗಲ್ಲ. 1000 ವ್ಯಾಟಿಂದು ಐದು ನಿಮಿಷದ ಮೇಲೆ ತಗೊಳ್ಳತ್ತೆ, 2000 ವ್ಯಾಟಿಂದು ಅದ್ರ ಅರ್ಧ ಟೈಮು, ಯೂನಿಟ್ ಮಾತ್ರ ಹೆಚ್ಚುಕಮ್ಮಿ ಒಂದೇ. ಕರೆಂಟ್ ಉಳಿಸ್ಬೇಕು ಅಂದ್ರೆ ಬೇಕಾದಷ್ಟೇ ನೀರು ಕಾಯಿಸಿ.

ಫ್ರಿಜ್ ಮಾತ್ರ ಬೇರೆ, ಅದು 24 ಗಂಟೆ ಪ್ಲಗ್ಗಲ್ಲೇ ಇರತ್ತೆ. ಸಾಕೆಟ್‌ಗೆ ಹಾಕೋ ಎನರ್ಜಿ ಮೀಟರ್ ಒಂದು ಸಿಕ್ರೆ ಎರಡು ಮೂರು ದಿನ ಹಾಕಿ ಸರಾಸರಿ ನೋಡಿ. ಉದಾಹರಣೆಗೆ ದಿನಕ್ಕೆ 1.5 ಯೂನಿಟ್ ಎಳೀತಿದ್ರೆ ವರ್ಷಕ್ಕೆ ಸುಮಾರು 547, ಹೊಸದು ದಿನಕ್ಕೆ 0.7 ಆದ್ರೆ 255, ಉಳಿತಾಯ 290ರ ಹತ್ರ. ಅದನ್ನ ನಿಮ್ಮ ಯೂನಿಟ್ ರೇಟಿಗೆ ಗುಣಿಸಿ, ಹೊಸ ಫ್ರಿಜ್ ಬೆಲೆನ ಅದ್ರಿಂದ ಭಾಗಿಸಿ, ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಅಂತ ಬರತ್ತೆ. ಐದಾರು ವರ್ಷದ ಒಳಗೆ ಬಂದ್ರೆ ಯೋಚ್ನೆ ಮಾಡ್ಬೋದು, ಹದಿನೈದು ವರ್ಷ ಅಂತ ಬಂದ್ರೆ ಇರೋದನ್ನೇ ಓಡ್ಸಿ.

ಹೆಜ್ಜೆ 5: ಹೊಸದು ತಗೊಳ್ಳೋದೇ ಅಂತಾದ್ರೆ, ಅಂಗಡಿಗೆ ಹೋಗೋ ಮುಂಚೆ ಬರ್ಕೊಳ್ಳಿ

ಏನ್ ಕೆಲ್ಸ ಆಗ್ಬೇಕು, ದಿನಕ್ಕೆ ಎಷ್ಟ್ ಸಲ, ಎಷ್ಟ್ ಜನಕ್ಕೆ, ಇಡೋ ಜಾಗದ ಉದ್ದ ಅಗಲ ಎತ್ತರ. ಫ್ರಿಜ್ ಆದ್ರೆ ಮನೆ ಬಾಗಿಲ ಅಗಲಾನೂ ಬೇಕು, ಹಿಂದೆ ಗಾಳಿಗೆ ಬಿಡೋ ಜಾಗಾನೂ ಬೇಕು. ಜಾಸ್ತಿ ವ್ಯಾಟಿನ ಮಷಿನ್ ಆದ್ರೆ ವ್ಯಾಟನ್ನ ವೋಲ್ಟೇಜಿಂದ ಭಾಗಿಸಿ, 2300 ವ್ಯಾಟು 230 ವೋಲ್ಟಲ್ಲಿ 10 ಆಂಪಿಯರ್, ನಿಮ್ಮ ಸಾಕೆಟ್ ಅಷ್ಟು ತಡಿಯತ್ತಾ ನೋಡಿ. ಇದನ್ನ ಕಾಗದದ ಮೇಲೆ ಬರ್ಕೊಂಡೇ ಹೋಗಿ, ಯಾಕಂದ್ರೆ ಅಲ್ಲಿ ಕೇಳಿಸೋ ಹತ್ತು ಫೀಚರಲ್ಲಿ ನಿಮ್ಮ ಚೀಟೀಲಿ ಇಲ್ಲದ್ದಕ್ಕೆ ಒಂದು ಪೈಸೆ ಜಾಸ್ತಿ ಕೊಡ್ಬಾರ್ದು.

ಎಲ್ಲಕ್ಕಿಂತ ಒಳ್ಳೇ ಪರೀಕ್ಷೆ ಇದು: ತಗೋಬೇಕು ಅಂದ್ಕೊಂಡಿರೋ ಮಾಡೆಲ್ ನಂಬರ್ ಹಾಕಿ ಅದ್ರ ಗ್ಯಾಸ್ಕೆಟ್ಟು, ಜಾರು, ಬ್ರಷ್ಷು, ಕಪ್ಲರ್ರು ಬೇರೆಯಾಗಿ ಸಿಗತ್ತಾ ಹುಡ್ಕಿ. ಸಿಗ್ಲಿಲ್ಲ ಅಂದ್ರೆ ಆ ಮಷಿನ್ ಬೇಡ. ಯುರೋಪಿಯನ್ ಯೂನಿಯನ್‌ನಲ್ಲಿ 2021ರ ಮಾರ್ಚ್‌ನಿಂದ ಇದು ಕಾನೂನೇ ಆಗಿದೆ, ಒಂದು ಮಾಡೆಲ್ ಮಾರೋದು ನಿಲ್ಸಿದ್ಮೇಲೂ ಫ್ರಿಜ್ ಸ್ಪೇರ್ ಪಾರ್ಟ್‌ಗಳು ಕನಿಷ್ಠ 7 ವರ್ಷ, ಡಿಶ್‌ವಾಷರ್ ವಾಷಿಂಗ್ ಮಷಿನ್ ಪಾರ್ಟ್‌ಗಳು 10 ವರ್ಷ ಸಿಗ್ಬೇಕು. ಅಂದ್ರೆ ಕಂಪನಿಗಳಿಗೆ ಕೊಡೋಕೆ ಆಗಲ್ಲ ಅಂತೇನಿಲ್ಲ.

ಆಮೇಲೆ, ಎರಡು ಮಾಡೆಲ್ ಒಂದೇ ಕೆಲ್ಸ ಮಾಡಿದ್ರೆ ತಿರುಗಿಸೋ ನಾಬ್ ಇರೋದನ್ನ ತಗೊಳ್ಳಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾಬ್ ಕೆಟ್ರೆ ನಾಬ್ ಹಾಕ್ಬೋದು, ಟಚ್ ಪ್ಯಾನೆಲ್ ಹಿಂದಿನ ಬೋರ್ಡ್ ಹೋದ್ರೆ ಆ ಬೋರ್ಡೇ ಸಿಗ್ಬೇಕು. ವ್ಯಾಟ್ ನೋಡಿ ಮರುಳಾಗ್ಬೇಡಿ, ಕಾಯಿಸೋ ಮಷಿನ್ನಲ್ಲಿ ವ್ಯಾಟ್ ಅಂದ್ರೆ ಸ್ಪೀಡು, ಮೋಟರ್ ಮಷಿನ್ನಲ್ಲಿ ಅದು ಎಷ್ಟು ಕರೆಂಟ್ ಎಳಿಯತ್ತೆ ಅನ್ನೋದಷ್ಟೇ, ಎಷ್ಟು ಚೆನ್ನಾಗಿ ಅರೆಯತ್ತೆ ಅನ್ನೋದಲ್ಲ. ಪೀಕ್ ಪವರ್ ಅಂತ ಬರೆದಿದ್ರೆ ಅದು ಕ್ಷಣಮಾತ್ರದ್ದು. ಬಿಡದೇ ಎಷ್ಟು ನಿಮಿಷ ಓಡಿಸ್ಬೋದು ಅನ್ನೋದು ಮ್ಯಾನ್ಯುಯಲಲ್ಲಿ ಇರತ್ತೆ, ಅದನ್ನ ಓದಿ. ವಾರಂಟಿ "10 ವರ್ಷ" ಅಂತ ದಪ್ಪಕ್ಷರದಲ್ಲಿ ಇದ್ರೆ ಯಾವ ಪಾರ್ಟಿಗೆ ಅಂತ ಕೇಳಿ, ಸಾಮಾನ್ಯವಾಗಿ ಕಂಪ್ರೆಸರ್‌ಗೋ ಮೋಟರ್‌ಗೋ ಮಾತ್ರ, ಗ್ಯಾಸು, ಲೇಬರು, ಬೋರ್ಡು ಅದ್ರಲ್ಲಿ ಇರಲ್ಲ.

ಹೆಜ್ಜೆ 6: ರೇಟಿನ ಆಟ ಗುರುತು ಹಿಡೀರಿ

ಅಮೆರಿಕದ ವಿಲಿಯಮ್ಸ್ ಸೊನೋಮಾ ಅನ್ನೋ ಅಡುಗೆ ಸಾಮಾನಿನ ಅಂಗಡಿ ಕಥೆ ಪುಸ್ತಕಗಳಲ್ಲಿ ಪಾಠ ಆಗ್ಬಿಟ್ಟಿದೆ. 275 ಡಾಲರ್‌ಗೆ ಒಂದು ಬ್ರೆಡ್ ಮಷಿನ್ ಇಟ್ಟಿದ್ರು. ಆಮೇಲೆ ಅದ್ರ ಪಕ್ಕ ಇನ್ನೂ ದೊಡ್ಡದು, ಒಂದೂವರೆ ಪಟ್ಟು ರೇಟಿಂದು ತಂದಿಟ್ರು. ದೊಡ್ಡದು ಅಷ್ಟಕ್ಕಷ್ಟೇ ಹೋಯ್ತು, ಆದ್ರೆ ಹಳೇದು ಹತ್ರ ಹತ್ರ ಎರಡು ಪಟ್ಟು ಮಾರಾಟ ಆಯ್ತು. ಅದೇ ಮಷಿನ್ನು, ಅದೇ ರೇಟು, ಪಕ್ಕದಲ್ಲಿ ದುಬಾರಿದು ಕೂತಿದ್ದಕ್ಕೆ ಅಗ್ಗ ಅಂತ ಕಾಣ್ತು. ಮೂರು ಮಾಡೆಲ್ ಸಾಲಾಗಿಟ್ಟು ಮಧ್ಯದ್ದರ ಮೇಲೆ "ಹೆಚ್ಚು ಜನ ಕೊಂಡಿದ್ದು" ಅಂತ ಹಾಕೋದು, ಗೀಟು ಹಾಕಿದ ಹಳೇ ರೇಟು ತೋರ್ಸೋದು, ಎಲ್ಲಾ ಇದೇ ಜಾತಿ. ಮೂರೂ ಮಾಡೆಲ್‌ಗಳ ಒಳಗಿರೋ ಮೋಟರ್ರೋ ಕಾಯಿಲ್ಲೋ ಒಂದೇನಾ ಅಂತ ಸ್ಪೆಸಿಫಿಕೇಶನ್ ಇಟ್ಟು ನೋಡಿ, ಎಷ್ಟೋ ಸಲ ವ್ಯತ್ಯಾಸ ಬಣ್ಣ ಮತ್ತು ಜಾರ್ ಸಂಖ್ಯೆ ಅಷ್ಟೇ ಇರತ್ತೆ. ಕಂತಲ್ಲಿ ಕೊಂಡ್ರೆ ತಿಂಗಳ ಮೊತ್ತ ನೋಡ್ಬೇಡಿ, ಒಟ್ಟು ಮೊತ್ತ ನೋಡಿ. ವಿಡಿಯೋ ಕೆಳಗಿನ ಲಿಂಕಿಂದ ಕೊಂಡ್ರೆ ಹೇಳಿದೋರಿಗೆ ಕಮಿಷನ್ ಹೋಗತ್ತೆ ಅನ್ನೋದೂ ನೆನಪಿರ್ಲಿ.

ಹೆಜ್ಜೆ 7: ಗ್ಯಾಜೆಟ್ ಅನ್ನೋ ಬಲೆ

ಇಲ್ಲಿ ಮತ್ತೆ ಶುರುವಿನ ಪ್ರಶ್ನೆನೇ ಕೇಳಿ: ಒಳಗೆ ಏನಿದೆ, ಅದು ಮನೇಲಿ ಈಗಾಗ್ಲೇ ಇದ್ಯಾ? ಏರ್ ಫ್ರೈಯರ್ ತಗೊಳ್ಳಿ. 2010ರಲ್ಲಿ ಫಿಲಿಪ್ಸ್ ಆ ಹೆಸರಲ್ಲಿ ಮಾರ್ಕೆಟ್‌ಗೆ ತಂದಿದ್ದು, ಒಳಗಿರೋದು ಒಂದು ಕಾಯಿಲ್ಲು, ಒಂದು ಫ್ಯಾನು. ಅಂದ್ರೆ ಬಿಸಿ ಗಾಳಿನ ಫ್ಯಾನಿಂದ ಸುತ್ತಿಸೋ ಪುಟ್ಟ ಕನ್ವೆಕ್ಷನ್ ಓವನ್. ಕನ್ವೆಕ್ಷನ್ ಓವನ್ ಇರೋ ಮನೇಲಿ ಅದು ಎರಡನೇ ಸಲ ಕೊಂಡಂಗೆ. ಓವನ್ನೇ ಇಲ್ಲದವ್ರಿಗೆ, ಸ್ವಲ್ಪ ಸ್ವಲ್ಪ ಮಾಡ್ಕೊಳ್ಳೋರಿಗೆ ಅದು ಬೇಗ ಕಾಯತ್ತೆ, ನಿಜವಾಗ್ಲೂ ಉಪಯೋಗ ಆಗತ್ತೆ, ಅಂಥೋರು ತಗೊಳ್ಳಿ, ಆದ್ರೆ ಕಾಯಿಲ್ಲು ಫ್ಯಾನಿಗೆ ಎಷ್ಟು ಕೊಡ್ಬೋದೋ ಅಷ್ಟೇ ಕೊಡಿ.

ಎರಡನೇ ಪ್ರಶ್ನೆ, ತಗೊಂಡ್ಮೇಲೂ ದುಡ್ಡು ಕೊಡ್ತಾನೇ ಇರ್ಬೇಕಾ? ಜ್ಯೂಸೆರೋ ಅಂತ ಒಂದು ವೈಫೈ ಜ್ಯೂಸ್ ಮಷಿನ್ 2016ರಲ್ಲಿ ಬಂತು, ಮೊದಲ ಬೆಲೆ 699 ಡಾಲರ್. ಕಂಪನಿಯ ಪ್ಯಾಕೆಟ್ಟೇ ಹಾಕ್ಬೇಕು, ಮಷಿನ್ ಅದ್ರ ಕೋಡ್ ಸ್ಕ್ಯಾನ್ ಮಾಡಿ ಆಮೇಲೆ ಹಿಂಡತ್ತೆ. 2017ರ ಏಪ್ರಿಲಲ್ಲಿ ಬ್ಲೂಮ್‌ಬರ್ಗ್ ಸುದ್ದಿ ಸಂಸ್ಥೆಯವ್ರು ಆ ಪ್ಯಾಕೆಟನ್ನ ಬರೀ ಕೈಯಲ್ಲಿ ಹಿಂಡಿ ತೋರ್ಸಿದ್ರು, ಹೆಚ್ಚುಕಮ್ಮಿ ಅಷ್ಟೇ ಜ್ಯೂಸ್ ಬಂತು. ಆ ವರ್ಷ ಸೆಪ್ಟೆಂಬರಲ್ಲಿ ಕಂಪನಿ ಮುಚ್ತು. ಕಾಫಿ ಮಷಿನ್ ಮಾಡೋ ಕ್ಯೂರಿಗ್ ಕಂಪನಿ 2014ರಲ್ಲಿ ಬೇರೆಯವ್ರ ಕಾಫಿ ಪಾಡ್, ಅಂದ್ರೆ ಒಂದು ಕಪ್‌ಗಾಗೋಷ್ಟು ಪುಡಿ ತುಂಬಿದ ಪುಟ್ಟ ಡಬ್ಬಿ, ಹಾಕಿದ್ರೆ ಓಡದೇ ಇರೋ ಮಷಿನ್ ತಂತು, ಜನ ತಿರುಗಿಬಿದ್ರು, ಮರುವರ್ಷ ಕಂಪನಿ ಮುಖ್ಯಸ್ಥರೇ ತಪ್ಪಾಯ್ತು ಅಂದ್ರು. ಪಾಡು, ಪ್ಯಾಕೆಟ್ಟು, ಫಿಲ್ಟರ್ ಬೇಕಾದ ಮಷಿನ್ ಆದ್ರೆ ಮೂರು ವರ್ಷದ ಆ ಖರ್ಚನ್ನೂ ಮಷಿನ್ ರೇಟಿಗೆ ಸೇರಿಸಿ ನೋಡಿ, ಎಷ್ಟೋ ಮಷಿನ್ ಅಲ್ಲಿಗೇ ಬೇಡ ಅನ್ಸತ್ತೆ.

ಮೂರನೇದು, ಇಂಟರ್ನೆಟ್ ಇಲ್ದೇ ಓಡತ್ತಾ? ರಿವಾಲ್ವ್ ಅನ್ನೋ 300 ಡಾಲರ್‌ನ ಸ್ಮಾರ್ಟ್ ಹೋಮ್ ಹಬ್, ಅಂದ್ರೆ ಮನೆಯ ಲೈಟು ಗೀಟನ್ನೆಲ್ಲಾ ಫೋನಿಂದ ಓಡ್ಸೋ ಡಬ್ಬ, ಅದನ್ನ ಮಾಡಿದ್ದ ಕಂಪನೀನ ಕೊಂಡುಕೊಂಡಿದ್ದ ನೆಸ್ಟ್ ಕಂಪನಿ 2016ರ ಮೇನಲ್ಲಿ ಸರ್ವರ್ ನಿಲ್ಸಿ ಕೆಲ್ಸಕ್ಕೆ ಬಾರದಂಗೆ ಮಾಡ್ತು, ದುಡ್ಡು ಕೊಟ್ಟು ತಗೊಂಡಿದ್ದೋರ ಮನೇಲಿ ಖಾಲಿ ಡಬ್ಬ ಉಳೀತು. ಆ್ಯಪ್ ಇಲ್ದೇ ಆನ್ ಆಗದ ಅಡುಗೆ ಮಷಿನ್ ಯಾರೂ ತಗೋಬಾರ್ದು ಅಂತ ನಾನು ಜೋರಾಗೇ ಹೇಳ್ತೀನಿ.

ಒಂದೇ ಕೆಲ್ಸಕ್ಕೆ ಅಂತ ಬರೋ ಚಿಕ್ಕಪುಟ್ಟ ಕಟರ್ರು, ಸ್ಲೈಸರ್ರು ಬಗ್ಗೆ ಜಾಸ್ತಿ ಹೇಳೋದಿಲ್ಲ. ಚಾಕು ಚೆನ್ನಾಗಿ ಮಸೆದಿಟ್ಕೊಳ್ಳಿ, ತೊಳೆಯೋ ಟೈಮ್ ಸೇರಿಸಿದ್ರೆ ಆ ಗ್ಯಾಜೆಟ್ ಟೈಮ್ ಉಳಿಸಲ್ಲ. ಆದ್ರೆ ಕೈ ನೋವಿರೋರಿಗೆ, ಬೆರಳು ಗಟ್ಟಿ ಹಿಡಿಯೋಕೆ ಆಗದೇ ಇರೋರಿಗೆ ಅಂಥ ಸಾಮಾನು ನಿಜವಾದ ಸಹಾಯ, ಅವ್ರಿಗೆ ಈ ಮಾತು ಅನ್ವಯಿಸಲ್ಲ. ಉಳಿದೋರು ತಮಗೆ ಬೇಕು ಅನ್ಸಿದ್ದನ್ನ ಒಂದು ಕಡೆ ಬರ್ದಿಟ್ಟು ಒಂದು ತಿಂಗಳು ಬಿಡಿ, ಅಷ್ಟರಲ್ಲಿ ಎಷ್ಟು ಸಲ ಅದಿಲ್ದೇ ಕಷ್ಟ ಆಯ್ತು ಅಂತ ಪಕ್ಕದಲ್ಲೇ ಗುರುತು ಹಾಕಿ. ಸಾಧ್ಯ ಆದ್ರೆ ಯಾರ ಹತ್ರನಾದ್ರೂ ಒಂದು ವಾರಕ್ಕೆ ಇಸ್ಕೊಂಡು ನೋಡಿ.

ಹೆಜ್ಜೆ 8: ಮನೆಗೆ ಬಂದ್ಮೇಲೆ

ಬಾಕ್ಸ್ ಬಿಚ್ಚೋವಾಗ ವಿಡಿಯೋ ಮಾಡಿ, ಬಿಲ್ಲು ಮತ್ತು ಸೀರಿಯಲ್ ನಂಬರ್ ಫೋಟೋ ತೆಗೆದಿಡಿ. ಫ್ರಿಜ್ ಮಲಗಿಸಿ ತಂದಿದ್ರೆ ಕಂಪ್ರೆಸರ್ ಎಣ್ಣೆ ವಾಪಸ್ ಇಳಿಯೋ ತನಕ ಕೆಲವು ಗಂಟೆ ನೆಟ್ಟಗೆ ನಿಲ್ಸಿ ಆಮೇಲೆ ಆನ್ ಮಾಡಿ. ವಾಪಸ್ ಕೊಡೋಕೆ ಟೈಮ್ ಇರೋವಾಗ್ಲೇ ಎಲ್ಲಾ ಬಟನ್, ಎಲ್ಲಾ ಜಾರ್, ಫುಲ್ ಲೋಡಲ್ಲಿ ಓಡ್ಸಿ ನೋಡಿ, ಮೆತ್ತಗೆ ಬಳಸಿ ಎತ್ತಿಡೋದು ಆಮೇಲೆ.

ಹೆಜ್ಜೆ 9: ಹಳೇದು ಎಲ್ಲಿಗೆ?

ಗ್ಲೋಬಲ್ ಇ-ವೇಸ್ಟ್ ಮಾನಿಟರ್ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಗಿದೆ, ಅದ್ರಲ್ಲಿ ಸರಿಯಾಗಿ ಸಂಗ್ರಹಿಸಿ ರೀಸೈಕಲ್ ಆಗಿದ್ದಕ್ಕೆ ಲೆಕ್ಕ ಸಿಗೋದು 22.3 ಪರ್ಸೆಂಟ್ ಮಾತ್ರ. ಹಾಗಾಗಿ ಬೀದಿ ಕಸಕ್ಕೆ ಹಾಕ್ಬೇಡಿ. ಓಡ್ತಿರೋ ಮಷಿನ್ ಆದ್ರೆ ಬೇಕಾದವ್ರಿಗೆ ಕೊಡಿ, ಓಡ್ದೇ ಇದ್ರೆ ಜಾರು, ಗ್ಲಾಸ್ ತಟ್ಟೆ, ನಾಬ್ ಥರದ ಪಾರ್ಟ್‌ಗಳನ್ನ ರಿಪೇರಿ ಅಂಗಡಿಯವ್ರು ಬೇಕು ಅಂದ್ರೆ ಕೊಟ್ಟು, ಉಳಿದಿದ್ದನ್ನ ಇ-ತ್ಯಾಜ್ಯ ತಗೊಳ್ಳೋರಿಗೆ ಒಪ್ಸಿ. ಫ್ರಿಜ್ ಪೈಪ್ ನೀವೇ ಕಟ್ ಮಾಡ್ಬೇಡಿ, ಗ್ಯಾಸ್ ಹೊರಗೆ ಬರತ್ತೆ.

ಎಸೆಯೋಕೆ ಅಂತ ಇಟ್ಟಿರೋ ಫ್ರಿಜ್ ಒಳಗೆ ಆಟ ಆಡ್ತಾ ಹೋಗಿ ಸಿಕ್ಕಾಕೊಂಡು ಮಕ್ಕಳು ಸತ್ತಿರೋದು ಒಂದೆರಡು ಕಡೆಯ ಸುದ್ದಿ ಅಲ್ಲ. ಅಮೆರಿಕದಲ್ಲಿ 1956ರಲ್ಲೇ ಒಳಗಿಂದ ತೆಗೆಯೋಕೆ ಬರೋಂಥ ಬಾಗಿಲು ಇರ್ಬೇಕು ಅಂತ ಕಾನೂನು ಬಂದಿದ್ದು ಇಂಥ ಸಾವುಗಳಿಂದಾನೇ. ಅದಕ್ಕೇ ಹಳೇ ಫ್ರಿಜ್ಜು ಹೊರಗಡೆ ಒಂದು ರಾತ್ರಿ ಇಡೋದಿದ್ರೂ ಮೊದಲು ಬಾಗಿಲು ಬಿಚ್ಚಿ ತೆಗೆದಿಡಿ, ಶೆಲ್ಫ್‌ಗಳನ್ನ ಒಳಗೇ ಬಿಡಿ. ಓಡದೇ ಇರೋ ಬೇರೆ ಮಷಿನ್‌ಗಳ ಪ್ಲಗ್ ವೈರ್ ಕತ್ತರಿಸಿ ಕೊಡಿ, ಯಾರೋ ಎತ್ಕೊಂಡು ಹೋಗಿ ಸಾಕೆಟ್‌ಗೆ ಹಾಕಿ ಶಾಕ್ ಹೊಡೆಸ್ಕೊಳ್ಳೋದು ಬೇಡ.